ಎಡಗೈಯ ತೋರಣ

ಕ್ರೋಶಾ ಹೆಣಿಗೆಯಲ್ಲಿ ಹೊಸಬರು ಮಾಡುವ ತಪ್ಪುಗಳು ಹೆಚ್ಚಿಲ್ಲ. ಪ್ರತಿಯೊಂದಕ್ಕೂ ಒಂದು ಕಾರಣವಿದೆ; ಕಾರಣವಿರುವುದರಿಂದಲೇ ಪರಿಹಾರವೂ ಇದೆ. ಕಲಿಸಲು ಕುಳಿತವರೇ ಇದನ್ನು ಒಪ್ಪದಿದ್ದಾಗ ನನಗೆ ಬಂದ ಸಿಟ್ಟು, ಶಾಲೆಯ ಕೆಲಸ ಬಿಟ್ಟ ಮೇಲೂ ಆರಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಹೊನ್ನಾವರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಬೇಸಿಗೆ ರಜೆಗೆ ಹೊಳನಗದ್ದೆಯ ತವರಿಗೆ ಬಂದಾಗ, ತಮ್ಮನ ಮಗಳು ಕುಮಟಾ ಪೇಟೆಯ ಕ್ರೋಶಾ ತರಗತಿಗೆ ಸೇರಿದ್ದಳು. ಚೌತಿಯಲ್ಲಿ ಗಣಪತಿಯ ಮಂಟಪಕ್ಕೆ ನಾವು ಕಟ್ಟುತ್ತಿದ್ದ ಹಳೆಯ ತೋರಣವನ್ನು ಇಲಿ ಕಡಿದುಹಾಕಿತ್ತು. ಹೊಸತನ್ನು ತಾನೇ ಹೆಣೆಯುತ್ತೇನೆಂಬುದು ಅವಳ ಹಟ. ಭಟ್ಕಳದ ಪೇಟೆಯಲ್ಲಿ ಬಿಳಿ ನೂಲಿನ ಉಂಡೆಗಳನ್ನು ಆರಿಸಿ ತಂದುಕೊಟ್ಟವಳು ನಾನೇ.

ಒಂದು ಸಂಜೆ ಅವಳು ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದಳು.

“ಎಂತ ಆತೇ?”

“ಎಡಗೈಲಿ ಹೆಣೆದದ್ದು ದೇವರಿಗೆ ಆಗೂದಿಲ್ಲ ಅಂದ್ರು ಟೀಚರ್. ಬಲಗೈಲಿ ಹೆಣೆದ್ರೆ ಹೀಂಗೆ ಆಗ್ತದೆ, ನೋಡು ಅತ್ತೆ.”

ನೋಡಿದೆ. ಬುಡಕ್ಕೆ ಹಾಕುವ ಕುಣಿಕೆಗಳ ಸಾಲು, ಆ ಮೊದಲ ಸರಪಳಿ, ಎಷ್ಟು ಬಿಗಿಯಾಗಿತ್ತೆಂದರೆ ಬುಡ ಬಿಲ್ಲಿನಂತೆ ಬಾಗಿತ್ತು. ಮೇಲೆ ಹೋದಂತೆ ಎರಡೂ ಬದಿ ಕಿರಿದಾಗಿ, ತೋರಣವಾಗಬೇಕಾದ ಪಟ್ಟಿ ದೋಣಿಯ ಹಾಯಿಯಂತೆ ಮೊನಚಾಗಿತ್ತು. ಅವಳು ಹುಟ್ಟಾ ಎಡಚಿ. ಊಟಕ್ಕೆ, ಆರತಿಗೆ ಬಲಗೈ ಬಳಸುವುದನ್ನು ಎಂದೋ ಕಲಿತಿದ್ದಳು. ಹೆಣಿಗೆಯ ಕೊಕ್ಕೆಕಡ್ಡಿ ಮಾತ್ರ ತಾನಾಗಿಯೇ ಎಡಗೈಗೆ ಹೋಗುತ್ತಿತ್ತು.

ಮರುದಿನ ತರಗತಿಗೆ ಹೋದೆ. ಕಲಿಸುವಾಕೆ ಕುರ್ಚಿಯಿಂದ ಏಳಲಿಲ್ಲ.

“ನಾ ಎಂತ ಮಾಡೂದು ಅಕ್ಕೋರೆ? ಅದರ ಕೈಯೇ ಸರಿ ಇಲ್ಲ.”

“ಈಗ ಬಲಗೈಲೇ ಹೆಣೀತಾಳಲ್ಲ. ಮತ್ತೆ ಅಂಚು ಎಂತಕ್ಕೆ ಒಳಗೆ ಹೋಗ್ತದೆ?”

“ಅದೂ ಎಡಗೈ ಗುಣವೇ. ನೀವು ಶಾಲೆಲಿ ಕಾಗುಣಿತ ತಿದ್ಕಂಡು ಇರಿ ಅಕ್ಕೋರೆ, ನೂಲಿನ ಸುದ್ದಿಗೆ ಎಂತಕ್ಕೆ ಬತ್ರಿ?”

ಸುತ್ತ ಕುಳಿತ ಹುಡುಗಿಯರು ಕಿಸಕ್ಕೆಂದರು. ತಮ್ಮನ ಮಗಳು ತಲೆ ತಗ್ಗಿಸಿದಳು. ಮಗು ತಪ್ಪು ಬರೆದರೆ, ಯಾವ ನಿಯಮ ತಿಳಿಯದೆ ತಪ್ಪಿತೆಂದು ಹುಡುಕುವುದು ಕಲಿಸುವವರ ಕೆಲಸ. ಹುಡುಕದೆ ಕೈಗೆ ದೋಷ ಹೊರಿಸುವುದು ಸೋಮಾರಿತನ. ಅದಕ್ಕೆ ದೇವರ ಹೆಸರನ್ನೂ ಸೇರಿಸುವುದು ನೀಚತನ. ನೂಲನ್ನು ಎತ್ತಿಕೊಂಡು, ಹುಡುಗಿಯನ್ನು ಕರೆದುಕೊಂಡು ಹೊರಟುಬಂದೆ.

ಹೆಣಿಗೆ ನನಗೂ ಬರುತ್ತಿತ್ತು. ಮನೆಯಲ್ಲಿ ಎಲ್ಲವನ್ನೂ ಬಿಚ್ಚಿಸಿದೆ. ಬಿಗಿ ಸರಪಳಿಗೆ ಮದ್ದು ಸುಲಭ: ಬುಡದ ಸರಪಳಿಯನ್ನಷ್ಟೇ ದಪ್ಪ ಕಡ್ಡಿಯಲ್ಲಿ ಹಾಕಿ, ಮೇಲಿನ ಸಾಲುಗಳಿಗೆ ತೆಳು ಕಡ್ಡಿ ಹಿಡಿಯುವುದು. ಅಂಚಿನ ವಿಷಯವೂ ಗುಟ್ಟೇನಲ್ಲ. ಸಾಲಿನಲ್ಲಿ ನೆಟ್ಟಗೆ ನಿಲ್ಲುವ ಉದ್ದ ಹೆಣಿಗೆಗೆ ಕಂಬ ಎನ್ನುತ್ತೇವೆ; ಸಾಲು ತಿರುಗುವಾಗ ಹಾಕುವ ಮೂರು ಸರಪಳಿಯೇ ಹೊಸ ಸಾಲಿನ ಮೊದಲ ಕಂಬ. ಮರಳಿ ಬರುವಾಗ ಕೊನೆಯ ಕಂಬವನ್ನು ಅದರ ನೆತ್ತಿಯಲ್ಲಿ ಎಬ್ಬಿಸಬೇಕು. ಅದು ಕಂಬವೆಂದು ಯಾರೂ ಹೇಳಿರದ ಕಾರಣ ಅವಳು ಪ್ರತಿ ಸಾಲಿನಲ್ಲೂ ಅದನ್ನು ಬಿಟ್ಟುಬಿಡುತ್ತಿದ್ದಳು. ಆ ನೆತ್ತಿಗೆ ಕೆಂಪು ದಾರದ ತುಣುಕು ಕಟ್ಟಿಸಿದೆ, ಅಂಚು ನೆಟ್ಟಗಾಯಿತು. ಇದರಲ್ಲಿ ಎಡಗೈಯ ಗುಣ ಎಲ್ಲಿದೆ?

ಕಡ್ಡಿ ಎಡಗೈಗೆ ಮರಳಿತು. ತರಗತಿಯಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿ ತೋರಿಸುತ್ತಿದ್ದರು. ಎಡಚರಿಗೆ ಅದೆಲ್ಲ ತಿರುವುಮುರುವಾಗಿ ಕಾಣುತ್ತದೆ. ನಾನು ಎದುರು ಕುಳಿತೆ. ನನ್ನ ಬಲಗೈ ಆಡಿದ ಕಡೆಗೇ ಅವಳ ಎಡಗೈ ಆಡಿತು, ಕನ್ನಡಿಯಲ್ಲಿ ಆಡುವಂತೆ. ಶಾಲೆ ತೆರೆದ ಮೇಲೆ ಶನಿವಾರದ ಬಸ್ಸಿಗೆ ಬಂದು ಅವಳೆದುರು ಕೂರುತ್ತಿದ್ದೆ. ಮಳೆಯ ಅಬ್ಬರ ಇಳಿಯುವ ಹೊತ್ತಿಗೆ ತೋರಣ ಮುಗಿದಿತ್ತು.

ನನ್ನ ತಾಯಿ, ಆಯಿ, ಮಾತ್ರ ಒಪ್ಪಲಿಲ್ಲ. ಚೌತಿಯ ಹಿಂದಿನ ದಿನ ಮಂಟಪದ ಎದುರು ಅಬ್ಬಲಿಗೆ ಹೂ ಕಟ್ಟುತ್ತ ಕುಳಿತಿದ್ದವಳು ತೋರಣವನ್ನು ಕಂಡು ಮುಖ ತಿರುಗಿಸಿದಳು.

“ಚೆಂದ ಆಗದೆ. ಬಾಗಿಲಿಗೆ ಕಟ್ಟು. ದೇವರಿಗೆ ಬೇಡ.”

ಮೊಮ್ಮಗಳು ತೋರಣವನ್ನು ಮಡಚತೊಡಗಿದಳು. ನನಗೆ ತಡೆಯಲಾಗಲಿಲ್ಲ.

“ಆಯಿ, ಬಲಗೈಲಿ ಹೆಣೆಯೂರು ನೂಲು ಯಾವ ಕೈಲಿ ಹಿಡೀತಾರೆ?”

“ಎಡಗೈಲಿ. ಮತ್ತೆಂತ ಕಾಲಲ್ಲೋ?”

“ಹೆಣೆದ ಪಟ್ಟಿ?”

“ಅದೂ...”

“ಎಡಗೈ ಮುಟ್ಟದ ತೋರಣ ಒಂದಿದ್ರೆ ತೋರಿಸು, ಅದನ್ನೇ ಕಟ್ಟುವ. ಈಗ ನೀ ಹೂವು ಹಿಡಿದದ್ದು ಯಾವ ಕೈಲಿ?”

ಆಯಿ ತನ್ನ ಕೈ ನೋಡಿಕೊಂಡಳು. ಹೂಗಳು ಎಡಗೈಯ ಬೆರಳುಗಳ ನಡುವೆ ಇದ್ದವು; ಬಲಗೈ ಬಾಳೆನಾರನ್ನಷ್ಟೇ ಸುತ್ತುತ್ತಿತ್ತು. “ಶಾಲೆಲೂ ಹೀಂಗೇ ಕೂಗ್ತ್ಯನೇ ನೀನು?” ಎಂದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, “ಆತು, ಕಟ್ಟು ಮಗಾ. ಸೊಟ್ಟ ಕಟ್ಟಬೇಡ,” ಎಂದಳು.

ಮಂಟಪದ ಮೇಲೆ ಹಣ್ಣು-ಕಾಯಿ ತೂಗಿಸಿದ ಫಲಾವಳಿಯ ಕೆಳಗೆ ಆ ಬಿಳಿ ತೋರಣ ಒಂದಿಷ್ಟೂ ಓರೆಯಾಗದೆ ನಿಂತಿತು. ಇಲ್ಲಿಗೆ ಮುಗಿದಿದ್ದರೆ ನನ್ನ ಸಿಟ್ಟೂ ಮುಗಿಯುತ್ತಿತ್ತೇನೋ. ಚೌತಿಯ ಸಂಜೆ, ಮನೆಮನೆಯ ಗಣಪತಿ ನೋಡುತ್ತ ಬಂದ ಹೆಂಗಸರ ಜೊತೆ ಆ ಕಲಿಸುವಾಕೆಯೂ ಬಂದಳು. ತೋರಣವನ್ನು ಬೆರಳಲ್ಲಿ ಎಳೆದು, ಅಂಚು ಸವರಿ, ಉಳಿದವರ ಕಡೆ ತಿರುಗಿದಳು.

“ಕಂಡ್ರ್ಯಾ? ನಮ್ಮ ಕ್ಲಾಸಿನ ಹುಡುಗಿದು!”

ಕೆಟ್ಟಾಗ ಹುಡುಗಿಯ ಕೈ, ನೆಟ್ಟಗಾದಾಗ ಇವರ ಕ್ಲಾಸು. ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ಪಂಚಕಜ್ಜಾಯದ ತಟ್ಟೆ ಹಿಡಿದು ನಮ್ಮಿಬ್ಬರ ನಡುವೆ ಬಂದು ನಿಂತಳು.

“ನಮ್ಮ ಹುಡುಗಿ ಎಡಗೈಲೇ ಹೆಣೆದದ್ದು ಅದು. ತಕಣಿ, ಪ್ರಸಾದ ತಕಣಿ.”

ಆಕೆ ತೋರಣದಿಂದ ಬೆರಳು ತೆಗೆದು ಬಲಗೈ ಚಾಚಿದಳು. ತಮ್ಮನ ಮಗಳು ಹಿಂದಿನಿಂದ ಬಂದು, ಆಕೆ ಎಳೆದು ಸಡಿಲ ಮಾಡಿದ್ದ ತೋರಣದ ಗಂಟನ್ನು ಮತ್ತೆ ಬಿಗಿದಳು.