ಮಾವಶಿ ತಿಕ್ಕಿದ ಟೊಪ್ಪಿಗೆ

ಮೊನ್ನೆ ಸೊಸೆ ಹಿತ್ತಾಳೆಯ ದೀಪದ ಸಮೆಗಳಿಗೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ನನಗೆ ಕೂರಲಾಗಲಿಲ್ಲ. ಎದ್ದು ಗ್ಯಾಲರಿಗೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ.

"ಏನಾತ್ರಿ ಅತ್ತಿ?" ಎಂದಳು.

ಏನಿಲ್ಲ ಎಂದೆ. ಏನೂ ಇಲ್ಲದೆ ಯಾರೂ ಹಾಗೆ ಅಡ್ಡಾಡುವುದಿಲ್ಲ...

ತೊಂಬತ್ತರ ದಶಕದ ಮೊದಲ ವರ್ಷಗಳು. ವಾಸ್ಕೋದಲ್ಲಿ ಹಡಗುಗಳ ಕಾಗದಪತ್ರ ಮಾಡಿಕೊಡುವ ಒಂದು ಕಚೇರಿ. ಅಲ್ಲಿನ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದ, ಅವ್ವ ಮೀನು ಆರಿಸುತ್ತಿದ್ದಳು. ಅದೇ ಊರಿನ ಬಾಯ್ನಾದ ತಗಡಿನ ಮನೆಯಲ್ಲಿ ಕುಳಿತು ಓದಿ, ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಇದನ್ನು ಹೇಳುವಾಗ ಇವತ್ತಿಗೂ ನನ್ನ ದನಿ ಏರುತ್ತದೆ. ಏರಲಿ. ಆದರೆ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಆರು ತಿಂಗಳು ನೋಡುತ್ತೇವೆ ಎಂದಿದ್ದರು, ಐದು ಮುಗಿದಿತ್ತು.

ಕಚೇರಿ ಗುಡಿಸಿ ಒರೆಸುತ್ತಿದ್ದವಳನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು; ನಮ್ಮ ಓಣಿಯವಳೇ, ವಿಜಾಪುರದ ಕಡೆಯವಳು. ಕಚೇರಿಯಲ್ಲಿ ಜಾಗ ಖಾಲಿ ಇದೆ ಎಂದು ಮನೆತನಕ ಬಂದು ತಿಳಿಸಿದ್ದೂ ಅವಳೇ. ನಾನು ಸೇರಿದ ಮೇಲೆ ನಳದ ಸಾಲಿನಲ್ಲಿ ನಿಂತು, "ಇಕಿ ನಮ್ಮ ಕಂಪ್ಯೂಟರ್ ಬಾಯಿ. ಗಂಡಸರು ಇಕಿ ಮುಂದ ಕೈ ಕಟ್ಟಿ ನಿಂದರ್ತಾರ" ಎಂದು ಸಾರುತ್ತಿದ್ದಳು.

"ಸುಳ್ಳ ಯಾಕ ಹೇಳ್ತಿ ಮಾವಶಿ?"

"ಸುಮ್ನಿರ. ನಿನಗಂತ ಹೇಳಾಕತ್ತಿಲ್ಲ, ಅವರ ಹೊಟ್ಟಿ ಉರೀಲಿ ಅಂತ ಹೇಳಾಕತ್ತೇನಿ."

ಆಗಿನ ನೆಟ್‌ವರ್ಕ್ ಎಂದರೆ ಒಂದೇ ಕಪ್ಪು ಕೇಬಲ್. ಒಂದು ಯಂತ್ರದ ಬೆನ್ನಿನಿಂದ ಇನ್ನೊಂದರ ಬೆನ್ನಿಗೆ, ಹೀಗೆ ಒಂಬತ್ತು ಯಂತ್ರ. ಕೇಬಲಿನ ಎರಡೂ ತುದಿಗೆ ಬೆರಳ ತುದಿಯಷ್ಟು ದೊಡ್ಡ ಲೋಹದ ಟೊಪ್ಪಿಗೆ. ಅವುಗಳಲ್ಲಿ ಒಂದು ಕೆಟ್ಟರೂ ಒಂಬತ್ತು ಯಂತ್ರಗಳ ಮಾತು ಒಮ್ಮೆಗೇ ನಿಲ್ಲುತ್ತಿತ್ತು. ಸಮುದ್ರದ ಗಾಳಿಗೆ ಎಲ್ಲಕ್ಕೂ ಹಸಿರು ಕಿಲುಬು ಬೇರೆ.

ಖಂಡೇನವಮಿಯ ಹಿಂದಿನ ದಿನ ಸಂಜೆ. ಮರುದಿನ ಯಂತ್ರಗಳಿಗೆ ಪೂಜೆ. ನಾನು ಗತ್ತಿನಿಂದ, "ಮಾವಶಿ, ಎಲ್ಲಾ ತಿಕ್ಕಬೇಕು ನೋಡು. ಎಲ್ಲೂ ಕಿಲುಬು ಕಾಣಬಾರ್ದು" ಎಂದೆ.

"ನಿನ್ನ ಡಬ್ಬಿ ಹಿಂದಿನ ಟೊಪಗೀನೂ ತಿಕ್ಕಲೇನವಾ?"

ನಾನು ಯಾವುದೋ ಪುಸ್ತಕದಲ್ಲಿ ಮುಳುಗಿದ್ದೆ. ತಲೆ ಎತ್ತದೆ ಹೂಂ ಅಂದೆ.

ಮರುದಿನ ಬೆಳಿಗ್ಗೆ ಯಾವ ಯಂತ್ರವೂ ಇನ್ನೊಂದನ್ನು ಗುರುತಿಸಲಿಲ್ಲ. ಮಧ್ಯಾಹ್ನದೊಳಗೆ ಒಂದು ಹಡಗಿನ ಕಾಗದ ಬಂದರಿಗೆ ಮುಟ್ಟಬೇಕಿತ್ತು. ಮೇಜಿನ ಕೆಳಗೆ ತೆವಳಿದೆ, ಒಂದೊಂದೇ ಕೂಡಿಕೆ ಬಿಚ್ಚಿದೆ, ಒರೆಸಿದೆ, ತಿರುಗಿಸಿ ಬಿಗಿದೆ. ಒಂದೇ ಕೂಡಿಕೆಯನ್ನು ಮೂರು ಸಲ ಬಿಚ್ಚಿದೆನೋ ಏನೋ. ಸಾಹೇಬರ ಬೂಟುಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಧಾರವಾಡದ ಕಡೆಯ ಗುಮಾಸ್ತನೊಬ್ಬ, "ಪೂಜಿಗಿ ಮೊದಲ ದೇವರು ಎದ್ದು ಹೋತ್ರೀ" ಎಂದು ನಗಿಸಿದ. ನನಗೆ ಅಳು ಬಂತು.

ತುದಿಯ ಟೊಪ್ಪಿಗೆಯನ್ನು ಮಾತ್ರ ಬಿಚ್ಚಿರಲಿಲ್ಲ. ಅಷ್ಟು ಲಕಲಕ ಹೊಳೆಯುವುದರಲ್ಲಿ ಏನು ದೋಷ ಎಂದುಕೊಂಡಿದ್ದೆ. ಕೊನೆಗೆ ಅದನ್ನೂ ಬಿಚ್ಚಿದೆ. ಅಂಗೈಗೆ ಒಂದು ಹನಿ ಬಿತ್ತು. ಮೂಸಿ ನೋಡಿದರೆ ಹುಣಸೆ. ಉಪ್ಪುನೀರು ಒಳಹೊಕ್ಕು ಕೂತಿತ್ತು.

ಡ್ರಾವರಿನಲ್ಲಿದ್ದ ಹೊಸ ಟೊಪ್ಪಿಗೆ ಹಾಕಿದ ಕೂಡಲೇ ಒಂಬತ್ತೂ ಎದ್ದವು. ಸಾಹೇಬರು ಹತ್ತಿರ ಬಂದು, "ಕೋಣೆಂ ಕೆಲೆಂ ಹೆಂ?" ಎಂದರು. ಯಾರು ಮಾಡಿದ್ದು? ಮಾವಶಿ ಬಾಗಿಲಲ್ಲಿ ಚೆಂಡುಹೂವಿನ ಬುಟ್ಟಿ ಹಿಡಿದು ನಿಂತಿದ್ದಳು.

"ಕಸ ಗುಡಿಸುವವರು ಸರ್, ನನ್ನನ್ನು ಕೇಳದೆ ಬಿಚ್ಚಿದ್ದಾರೆ."

ಕೇಳಿದ್ದಳು. ನಾನು ಹೂಂ ಅಂದಿದ್ದೆ. ಅವಳು ಅದನ್ನು ಹೇಳಿಯೇಬಿಡುತ್ತಾಳೆ ಎಂದುಕೊಂಡೆ. ಅವಳು ಬುಟ್ಟಿಯನ್ನು ನೆಲಕ್ಕಿಟ್ಟು, "ತಪ್ಪಾತ್ರಿ ಸಾಹೇಬ್ರ" ಎಂದಳು, ಅಷ್ಟೇ. ನಾಳೆಯಿಂದ ಬರಬೇಡ ಎಂದರು.

ಮೆಟ್ಟಿಲ ತನಕ ಅವಳ ಹಿಂದೆ ಓಡಿದೆ. ಅವಳೇ ತಿರುಗಿ, "ಹೋಗು, ಒಳಗ ಹೋಗು. ಪೂಜಾ ಟೈಮಿಗೆ ಹೊರಗ ನಿಂದರಬಾರ್ದು. ಈ ಸುದ್ದಿ ನಿಮ್ಮವ್ವಗ ಹೇಳಬ್ಯಾಡ, ಭಾಳ ನೊಂದ್ಕೋತಾಳ" ಎಂದಳು.

ಮುಂದಿನ ತಿಂಗಳು ನಾನು ಕಾಯಂ ಆದೆ. ಅವಳಿಗೆ ಕಲಂಗುಟಿನ ಒಂದು ಹೋಟೆಲಿನಲ್ಲಿ ಚಾದರ ಒಗೆಯುವ ಕೆಲಸ ಸಿಕ್ಕಿತು, ಅಲ್ಲೇ ಉಳಿದಳು. ಒಂದು ಭಾನುವಾರ ಹೋಗಿ ಬರಬೇಕೆಂದು ಎಷ್ಟು ಸಲ ಅಂದುಕೊಂಡೆನೋ. ಒಮ್ಮೆ ಪಣಜಿ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಕಲಂಗುಟ್ ಬಸ್ಸನ್ನು ನೋಡುತ್ತ ನಿಂತು ವಾಪಸು ಬಂದೆ. ಆಮೇಲೆ ಬಾಯ್ನಾದ ನಮ್ಮ ಓಣಿಯನ್ನೇ ಕೆಡವಿದರು, ಜನ ಚದುರಿದರು. ಕೊರ್ತಾಲಿಮ್‌ನಲ್ಲಿ ಸಿಕ್ಕ ಹಳೆಯ ನೆರೆಯವರೊಬ್ಬರು, "ಆಕಿ ತೀರಿಹೋಗಿ ಭಾಳ ವರ್ಷ ಆತಲ್ಲವಾ, ನಿನಗ ಗೊತ್ತಿಲ್ಲೇನು?" ಎಂದರು. ಯಾವ ಬಾಯಿಂದ ಇಲ್ಲ ಅನ್ನಲಿ...

ಈಗ ನನ್ನ ಕೈಕೆಳಗೆ ಆರು ಮಂದಿ. ನೆಟ್‌ವರ್ಕ್ ನಿಂತಾಗಲೆಲ್ಲ ಕಾರಣವನ್ನು ರಿಜಿಸ್ಟರಿನಲ್ಲಿ ಬರೆಯುವುದು ಈ ಕೆಲಸದ ಪದ್ಧತಿ. ಆ ಖಂಡೇನವಮಿಯ ದಿನವೂ ಬರೆದಿದ್ದೆ, ಚೆಂದದ ಅಕ್ಷರದಲ್ಲಿ: ಗುಡಿಸುವವಳ ತಪ್ಪು. ಆ ಕಚೇರಿ ಮುಚ್ಚಿ ಎಷ್ಟೋ ಕಾಲವಾಯಿತು. ಆ ರಿಜಿಸ್ಟರ್ ಯಾವ ರದ್ದಿಯವನ ಪಾಲಾಯಿತೋ, ತಿದ್ದೋಣವೆಂದರೆ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ತಪ್ಪು ನನ್ನದು.