ತೊಟ್ಟಿಲ ತೊಲೆಯೊಳಗಿನ ಸದ್ದು

ನಮ್ಮ ನಡುಮನೆಯ ಮೂಲೆಯಲ್ಲಿ ಹುತ್ತ ಎದ್ದದ್ದನ್ನು ಮೊದಲು ಕಂಡವಳು ನನ್ನ ಅವ್ವ. ಮಿರ್ಲೆಯ ಆಚೆ, ನಾಲೆ ಬಯಲಿನಲ್ಲಿ ನಮ್ಮೂರು. ಗದ್ದೆಯ ತೇವ ಗೋಡೆಯ ಬುಡದವರೆಗೂ ಬಂದು ಕೂರುತ್ತದೆ. ನೆಲದ ಗಾರೆ ಬಿರುಕು ಬಿಟ್ಟ ಕಡೆ ಹಸಿಮಣ್ಣು ಮುಷ್ಟಿಯಷ್ಟು ಮೇಲೆದ್ದಿತ್ತು. ನಾನು ಪೊರಕೆ ಹಿಡಿದು ಹೋದರೆ ಅವ್ವ ಅಡ್ಡ ನಿಂತಳು.

“ಮುಟ್ಟೀಯಾ ಕಣ್ಲಾ! ಮನೆ ಒಳ್ಗೆ ಉತ್ತ ಏಳೋದು ಎಲ್ಲಾರ್ಗೂ ಸಿಕ್ಕೋ ಭಾಗ್ಯ ಅಲ್ಲ. ಅವ್ನೇ ಜಾಗ ನೋಡ್ಕಂಡು ಬಂದವ್ನೆ.”

ನಮ್ಮ ಕಡೆ ಹುತ್ತವೆಂದರೆ ನಾಗಪ್ಪನ ಮನೆ. ಹೊಲದಲ್ಲಿ ಎದ್ದರೆ ಟ್ರ್ಯಾಕ್ಟರು ಕೂಡ ಅದನ್ನು ಬಳಸಿಕೊಂಡೇ ಹೋಗುತ್ತದೆ. ಅವ್ವ ದಿನಾ ಬೆಳಗ್ಗೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಲೋಟದ ತುಂಬ ಹಾಲು ಹುಯ್ಯತೊಡಗಿದಳು. ಗೆದ್ದಲಿಗೆ ಬೇಕಾದದ್ದೇ ತೇವ. ನಾವು ಅದನ್ನು ಭಕ್ತಿಯಿಂದ ಸಾಕಿದೆವು. ಅದೂ ಮೊಣಕಾಲುದ್ದ ಬೆಳೆಯಿತು.

ಅಷ್ಟರಲ್ಲಿ ಮಗಳು ಬಾಣಂತನಕ್ಕೆ ಬಂದಳು. ಹೆಣ್ಣು ಕೂಸು. ಹೆಸರಿಡುವ ದಿನ ಕೂಸನ್ನು ನಡುಮನೆಯ ದೊಡ್ಡ ತೊಲೆಗೆ ಕಟ್ಟಿದ ತೊಟ್ಟಿಲಿಗೆ ಹಾಕುವುದು ನಮ್ಮ ಮನೆಯ ಪದ್ಧತಿ. ನನ್ನನ್ನು ತೂಗಿದ್ದೂ ಆ ತೊಲೆಯೇ, ಮಗಳನ್ನು ತೂಗಿದ್ದೂ ಅದೇ.

ಒಂದು ಮಧ್ಯಾಹ್ನ, ಮನೆ ಮಂದಿಯೆಲ್ಲ ಉಂಡು ಅಡ್ಡಾಗಿದ್ದ ಹೊತ್ತು. ಆ ತೊಲೆ ಹೊತ್ತ ಕಂಬಕ್ಕೆ ಒರಗಿ ಹಾಲೂಡಿಸುತ್ತಿದ್ದ ಮಗಳು ನನ್ನನ್ನು ಮೆಲ್ಲಗೆ ಕರೆದಳು.

“ಅಪ್ಪಾ, ಕಂಬದೊಳ್ಗೆ ಯಾರೋ ಅವ್ರೆ.”

ನಗುತ್ತಲೇ ಹೋಗಿ ಕಿವಿ ಇಟ್ಟೆ. ನಗು ನಿಂತಿತು. ಒಣಗಿದ ರಾಗಿಯನ್ನು ಯಾರೋ ಮೊರದಲ್ಲಿ ಬಲು ಮೆಲ್ಲಗೆ ಕೇರುತ್ತಿರುವ ಹಾಗೆ ಒಳಗೆ ಸದ್ದು. ಬೆರಳಿಂದ ಕಂಬವನ್ನು ತಟ್ಟಿದೆ. ಸದ್ದು ಥಟ್ಟನೆ ನಿಂತಿತು. ನಾವು ಅದನ್ನು ಆಲಿಸುವಂತೆ ಅದೂ ನಮ್ಮನ್ನು ಆಲಿಸುತ್ತಿತ್ತು. ಕಂಬದಿಂದ ಕಿವಿ ತೆಗೆಯಲಿಲ್ಲ. ಆಮೇಲೆ ಮತ್ತೆ ಶುರುವಾಯಿತು; ಈ ಸಲ ಇನ್ನೂ ಮೇಲೆ, ತೊಲೆಯ ಹತ್ತಿರ. ಕೂಸು ಹಾಲು ಬಿಟ್ಟು ಆ ಕಡೆಗೇ ನೋಡುತ್ತಿತ್ತು.

ಹುಣಸೂರಿನಿಂದ ಗೆದ್ದಲಿಗೆ ಔಷಧಿ ಹೊಡೆಯುವವನನ್ನು ಕರೆಸಿದೆ. ಬಾಯಿಬಡುಕ ಆಸಾಮಿ. ಗೋಡೆ, ಕಂಬವನ್ನೆಲ್ಲ ಸ್ಕ್ರೂಡ್ರೈವರಿನಲ್ಲಿ ಕುಟ್ಟಿ ನೋಡಿದ.

“ಔಸ್ದಿ ಒಡೆಯೋದು ಎರಡು ಥರ ಐತೆ ಸಾರ್. ಒಂದ್ಸಲಕ್ಕೆ ಅಂದ್ರೆ ನೆಲಕ್ಕೆ, ಗೋಡೆ ಬುಡಕ್ಕೆ ತೂತು ಒಡ್ದು ಔಸ್ದಿ ಬುಡ್ತೀನಿ, ಕೆಳಗಿಂದ ಬರೋದು ನಿಲ್ತದೆ. ಆದ್ರೆ ಎಂಚಿನ ಸಂದಿ ನೀರು ಕುಡ್ಕಂಡು ಮೇಲೆ ಮರದೊಳ್ಗೆ ಉಳ್ಕಂಡಿರ್ತಾವಲ್ಲ, ಅವುನ್ನ ಆಗಾಗ ಬಂದು ನೋಡ್ತಿರ್ಬೇಕು. ಅದುಕ್ಕೆ ವರ್ಸದ ಕಾಂಟ್ರಾಕ್ಟ್ ಮಾಡ್ಕಳಿ.”

ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅವ್ವ ಕೈ ನಿಲ್ಲಿಸಿದಳು. “ಕೊಲ್ಲಕ್ಕೂ ಕಾಂಟ್ರಾಕ್ಟಾ? ಒಂದ್ಸಲ ಕೊಂದ್ರೆ ತಪ್ಪು ಕಾಣಿಕೆ ಕಟ್ಟಿ ಕೈ ಮುಗೀಬೌದು. ವರ್ಸವರ್ಸ ಕೊಲ್ತೀವಿ ಅಂತ ಮೊದ್ಲೇ ಮಾತು ಕೊಟ್ಬುಟ್ರೆ ಯಾವ ದೇವ್ರ ಮುಂದೆ ಓಗಿ ನಿಂತ್ಕಳದು?”

“ಅವ್ವಾರೆ, ನಿಮ್ ಮಾತು ಉಳಕ್ಕೆ ಗೊತ್ತಾಯ್ತದಾ?”

“ನಿಂಗೆ ಗೊತ್ತಾಗಕ್ಕಿಲ್ಲ ಅನ್ನು.”

ಅವನು ನನ್ನ ಮುಖ ನೋಡಿದ. ಅವ್ವ ಒಂದು ಸಲಕ್ಕಾದರೂ ಒಪ್ಪಿದ್ದೇ ದೊಡ್ಡದೆಂದು ನಾನೂ ಒಂದೇ ಸಲಕ್ಕೆ ಸಾಕೆಂದೆ.

ಬಾಣಂತಿಯನ್ನೂ ಕೂಸನ್ನೂ ತಮ್ಮನ ಮನೆಗೆ ಕಳಿಸಿದೆವು. ಅವ್ವ ಹುತ್ತದ ಮುಂದೆ ಕೂತು ಮನುಷ್ಯರ ಹತ್ತಿರ ಆಡುವ ಹಾಗೆ ಮಾತಾಡಿದಳು: “ಎದ್ದೋಗಪ್ಪಾ. ನಿಂಗೆ ಒಲದಲ್ಲಿ ಬೇಕಾದಷ್ಟು ಜಾಗ ಐತೆ. ಇಲ್ಲಿ ಕೂಸೈತೆ.” ಆಮೇಲೆ ಡ್ರಿಲ್ಲಿನ ಸದ್ದು, ಔಷಧಿಯ ಘಾಟು. ಕೆಲವು ದಿನಕ್ಕೆ ಹುತ್ತ ಒಣಗಿ ತಾನಾಗಿ ಬಿರಿಯಿತು. ಕಂಬಕ್ಕೆ ಕಿವಿಯಿಟ್ಟರೆ ಬರೀ ಮೌನ. ಮಗಳು ವಾಪಸು ಬಂದಳು.

ಆದರೆ ಮೌನವೂ ಒಂದು ಥರ ಇತ್ತು. ಮಧ್ಯಾಹ್ನ ಒರೆಸಿಟ್ಟ ನೆಲದ ಮೇಲೆ ಸಂಜೆಗೆ ಸಣ್ಣ ಪುಡಿ ಗೆರೆಯಾಗಿ ಬಿದ್ದಿರುತ್ತಿತ್ತು, ತೊಲೆಯ ಕೆಳಗೆ ಉದ್ದಕ್ಕೂ, ಯಾರೋ ರಂಗೋಲಿ ಎಳೆಯಲು ಹೊರಟು ಅರ್ಧಕ್ಕೆ ಬಿಟ್ಟ ಹಾಗೆ. ಹೆಂಡತಿ ಗುಡಿಸುವಳು, ಮಾರನೆಯ ದಿನ ಮತ್ತೆ ಬಿದ್ದಿರುವುದು. ತಲೆಯೆತ್ತಿ ನೋಡಿದರೆ ತೊಲೆ ಹಸಿರು ಪೇಂಟಿನಲ್ಲಿ ಮಿರಮಿರ ಮಿಂಚುತ್ತಿತ್ತು. ಔಷಧಿಯವನನ್ನು ಮತ್ತೆ ಕರೆಸೋಣವೇ ಎಂದು ಕೇಳಿದರೆ ಅವ್ವ, “ಒಂದ್ಸಲ ಅಂತ ಏಳ್ಬುಟ್ಟಿವ್ನಿ ನಾಗಪ್ಪನ್ಗೆ” ಎಂದು ಬಾಯಿ ಮುಚ್ಚಿಸಿದಳು.

ಹೆಸರಿಡುವ ದಿನ ಬಂತು. ತೊಲೆಯ ಕೊಂಡಿಗೆ ಸರಪಳಿ ಹಾಕಿ ತೊಟ್ಟಿಲು ಕಟ್ಟಿದೆವು. ನಮ್ಮಲ್ಲಿ ತೊಟ್ಟಿಲಿಗೆ ಮೊದಲು ಹಾಕುವುದು ಕೂಸನ್ನಲ್ಲ, ರುಬ್ಬುವ ಗುಂಡುಕಲ್ಲನ್ನು. ಅದಕ್ಕೆ ಎಣ್ಣೆ ಸವರಿ, ಮೀಯಿಸಿ, ಕುಲಾವಿ ಹಾಕಿ, ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಕೂಸು ಅಂತ ತೂಗುತ್ತಾರೆ. ಬೀಗಿತ್ತಿ ಕಲ್ಲನ್ನು ಮಲಗಿಸಿದರು. ಹೆಂಗಸರು ಜೋಗುಳ ಎತ್ತಿಕೊಂಡರು. ಮಗಳು ಕೂಸನ್ನು ಎತ್ತಿಕೊಂಡು ಪಕ್ಕದಲ್ಲೇ ಕಾದು ನಿಂತಿದ್ದಳು.

ಮುರಿದ ಸದ್ದೇ ಬರಲಿಲ್ಲ. ಹಪ್ಪಳ ಹಿಡಿದು ಅಮುಕಿದಷ್ಟು ಮೆಲ್ಲಗೆ ಏನೋ ಆಯಿತು. ಕೊಂಡಿ ತೊಲೆಯಿಂದ ಕಳಚಿಕೊಂಡು ತೊಟ್ಟಿಲು ದೊಪ್ಪನೆ ಬಿತ್ತು. ಕುಲಾವಿ ಹಾಕಿದ ಕಲ್ಲು ಗಾರೆ ಒಡೆದು ಉರುಳಿಹೋಯಿತು. ಕೊಂಡಿ ಇದ್ದ ಕಡೆ ಮರವೇ ಇರಲಿಲ್ಲ. ಪೇಂಟಿನ ಚರ್ಮದ ಒಳಗೆ ಬರೀ ಕತ್ತಲೆ, ಆ ಕತ್ತಲೆಯಿಂದ ಹಿಟ್ಟಿನಂಥ ಪುಡಿ ಧಾರೆಯಾಗಿ ಸುರಿಯುತ್ತಿತ್ತು. ಪುಡಿಯ ತುಂಬ ಬಿಳಿಯ ಹುಳುಗಳು, ಜೀವಂತ. ಜೋಗುಳ ಅರ್ಧಕ್ಕೇ ನಿಂತು, ಆ ಪುಡಿ ಬೀಳುವ ಸದ್ದಷ್ಟೇ ಮನೆಯ ತುಂಬ ಕೇಳಿಸಿತು.

ಅವ್ವ ಮಗಳ ಕೈಯಿಂದ ಕೂಸನ್ನು ಇಸಿದುಕೊಂಡು ಜಗಲಿಗೆ ಹೋಗಿ ಕೂತಳು. ಹೆಸರು ಕರೆದದ್ದು ಅವಳ ಮಡಿಲಲ್ಲೇ. ಆಮೇಲೆ ನನ್ನತ್ತ ತಿರುಗಿ, “ಆ ಉಣಸೂರ್ನವ್ನಿಗೆ ಫೋನ್ ಮಾಡ್ಲಾ” ಎಂದಳು. ಸ್ಪೀಕರ್ ಹಾಕಿ ಅವಳ ಕಿವಿಯ ಹತ್ತಿರ ಹಿಡಿದೆ.

“ಏನಪ್ಪಾ, ವರ್ಸವರ್ಸ ಬತ್ತೀನಿ ಅಂದಿದ್ಯಲ್ಲ, ಬಾ. ಪಾಪ ಇದ್ರೆ ನನ್ ತಲೆ ಮ್ಯಾಲಿರ್ಲಿ.”

“ಎಷ್ಟು ವರ್ಸಕ್ಕೆ ಬರ್ಕಳ್ಳಿ ಅವ್ವಾರೆ?”

“ಅವು ಎಷ್ಟು ವರ್ಸ ಇದ್ದಾವೋ ಅಷ್ಟು ವರ್ಸಕ್ಕೂ ಬರ್ಕೋ” ಎಂದಳು ಅವ್ವ, ಕೂಸಿನ ಹಣೆಯ ಮೇಲೆ ಕೂತಿದ್ದ ಪುಡಿಯನ್ನು ಮೆಲ್ಲಗೆ ಊದುತ್ತಾ.