ಗಂಟಿನ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುವುದು ಆತುರಗೇಡಿಗಳನ್ನು ಆಡಿಕೊಳ್ಳುವ ಮಾತು. ನಮ್ಮ ಮನೆಯಲ್ಲಿ ಮಾತ್ರ ಅದು ಬರೀ ಗಾದೆಯಲ್ಲ, ಹಾಗೆ ಹೊಲಿಯಲೇಬಾರದು ಅನ್ನುವ ಕಟ್ಟಳೆ. ಸಿರುಗುಪ್ಪದಲ್ಲಿ ತಂಗಿಯ ಕುಬಸ ನಡೆದ ದಿನ, ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಎತ್ತಿದ ಮೇಲೆ, ಕುರುಗೋಡಿನಿಂದ ಬಂದಿದ್ದ ದೊಡ್ಡವ್ವ ನನ್ನನ್ನು ಪಕ್ಕಕ್ಕೆ ಕರೆದಳು.

"ನಿಮ್ಮವ್ವ ಇಲ್ಲ. ತವರುಮನಿ ಕುಲಾವಿ ನೀನ ಹೊಲೀಬೇಕು. ಆದ್ರ ಕೂಸು ಬರಾತನಕ ಸೂಜಿಗಿ ದಾರ ಹಾಕಬ್ಯಾಡ. ಕೆಟ್ಟದಾಗ್ತೈತಿ."

ಹೂಂ ಅಂದೆ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹನ್ನೆರಡು ವರ್ಷದಿಂದ ಹೊಲಿಯುವವಳಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಆಗಲೇ ಮೊಬೈಲಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ಜನ ಸಾವಿರ ವರ್ಷಕ್ಕೂ ಹಿಂದೆ ಮಾಡಿದ ಟೊಪ್ಪಿಗೆಗಳು. ಚೌಕಾಕಾರ, ನಾಲ್ಕು ಮೂಲೆಗೂ ಪುಟ್ಟ ಕೊಂಬು. ಬಟ್ಟೆ ಕತ್ತರಿಸಿ ಹೊಲಿದದ್ದಲ್ಲ, ಪೂರ್ತಿ ಗಂಟು. ಸಾಲು ಸಾಲಾಗಿ ಗಂಟು ಹಾಕುತ್ತ, ಒಂದೊಂದು ಗಂಟಿನಲ್ಲೂ ಬಣ್ಣದ ಉಣ್ಣೆಯ ಎಳೆ ಸಿಕ್ಕಿಸಿ, ಆಮೇಲೆ ಎಳೆಗಳನ್ನು ಸಮನಾಗಿ ಕತ್ತರಿಸಿದ್ದರು. ಮೇಲ್ಮೈ ಮಕಮಲ್ಲಿನ ಹಾಗಿತ್ತು.

ಹೊಲಿಗೆ ಅಲ್ಲವಲ್ಲ, ಬೆರಳಲ್ಲೇ ಗಂಟು ಹಾಕಿದರೆ ಸೂಜಿಯ ಮಾತೇ ಇಲ್ಲವಲ್ಲ ಅಂತ ನನ್ನ ಬುದ್ಧಿವಂತಿಕೆ. ಊಟದ ಬಿಡುವಿನಲ್ಲಿ ಕೂತು ಹಾಕಿದೆ. ಮೂರು ಸಲ ಬಿಚ್ಚಿದೆ. ಕೂಸಿನ ತಲೆಯ ಅಳತೆಗೆ ಒಂದು ತೆಂಗಿನಕಾಯಿ ಇಟ್ಟುಕೊಂಡಿದ್ದೆ. ಜತೆಗಾತಿಯರು ನಕ್ಕರು, ನಾನೂ ನಕ್ಕೆ. ಎಂಟನೇ ತಿಂಗಳಿಗೆ ಕುಲಾವಿ ಮುಗಿಯಿತು: ಕೆಂಪು, ಹಳದಿ, ನಾಲ್ಕು ಕೊಂಬು.

ಅದೇ ತಿಂಗಳು ತಂಗಿಯನ್ನು ಬಳ್ಳಾರಿಯ ಆಸ್ಪತ್ರೆಗೆ ತಂದರು. ಹೊಟ್ಟೆಯಲ್ಲೇ ಎದೆಬಡಿತ ನಿಂತಿತ್ತು. ಹೆಣ್ಣು ಕೂಸು. ಟವೆಲಿನಲ್ಲಿ ಸುತ್ತಿ ತಂಗಿಯ ಮಗ್ಗುಲಲ್ಲಿ ಮಲಗಿಸಿದರು. ನನಗೆ ಅಳು ಬರಲಿಲ್ಲ, ಏನೂ ಬರಲಿಲ್ಲ. ಮಂಚದ ಕಾಲಿಗೆ ಬಳಿದ ಬಣ್ಣ ಎಲ್ಲೆಲ್ಲಿ ಎದ್ದಿದೆ ಅಂತ ನೋಡುತ್ತ ನಿಂತಿದ್ದೆ.

"ಅಕ್ಕಾ, ತಲಿ ತಣ್ಣಗೈತಿ," ಅಂದಳು ತಂಗಿ. "ಕುಲಾವಿ ಏನಾರ ಮಾಡೀಯೇನು? ಮಾಡಿದ್ರ ಹಾಕು. ಒಮ್ಮಿ ನೋಡ್ತೀನಿ."

ಕುಲಾವಿ ನನ್ನ ಹೆಗಲ ಚೀಲದಲ್ಲೇ ಇತ್ತು. ದೊಡ್ಡವ್ವ ಬಾಗಿಲಲ್ಲಿ ನಿಂತಿದ್ದಳು.

"ಇಲ್ಲವ್ವ. ದೊಡ್ಡವ್ವ ಬ್ಯಾಡ ಅಂದಿದ್ಲು," ಅಂದೆ.

ತಂಗಿ ತಲೆಯಾಡಿಸಿದಳು. ಕೂಸಿನ ತಲೆಯ ಮೇಲೆ ಅಂಗೈ ಇಟ್ಟುಕೊಂಡು, ಗಂಡನ ಮನೆಯವರು ಮಣ್ಣಿಗೆ ಒಯ್ಯಲು ಬರುವವರೆಗೂ ಹಾಗೇ ಮಲಗಿದ್ದಳು. ಕರೂರಿನ ಅವರ ಹೊಲದ ಬದುವಿನಲ್ಲಿ ಬರಿದಲೆಯಲ್ಲೇ ಮಣ್ಣು ಮಾಡಿದರು.

ಕುಲಾವಿಯಿಂದ ಕೂಸು ಸಾಯುವುದಿಲ್ಲ, ಅಷ್ಟು ನನಗೂ ಗೊತ್ತು. ಆ ಹೊತ್ತಿನಲ್ಲಿ ಹೆದರಿದೆ, ಅಷ್ಟೇ. ಹೆದರಿದ್ದು ನನ್ನ ಹೆಸರು ಕೆಡುತ್ತದೆಂದು.

ಮೊನ್ನೆ ಸಿರುಗುಪ್ಪಕ್ಕೆ ಹೋಗಿದ್ದೆ. ತಂಗಿಯ ಅತ್ತೆ ಶಕುನ, ದೃಷ್ಟಿ ಅಂತ ಮತ್ತೆ ಶುರು ಮಾಡಿದರು. ತಂಗಿ ಅಕ್ಕಿ ಆರಿಸುವುದನ್ನು ಬಿಟ್ಟು ತಲೆ ಎತ್ತಿದಳು.

"ನಮ್ಮ ಕಡಿಯಿಂದ ತಪ್ಪಾಗಿಲ್ಲ ಬಿಡ್ರಿ, ಅತ್ತಿ. ನಾನ ಕೇಳೀನಿ. ನಮ್ಮಕ್ಕ ಒಂದು ಎಳಿ ದಾರಾನೂ ಮುಟ್ಟಿದ್ದಿಲ್ಲ."